ದೂರು ಕೊಡೋಕೆ ದಾರಿ ಇದೆಯಾ?

ಪ್ರಿಯ ಮಿತ್ರರೇ,

ಮಾನವ ಹಕ್ಕುಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ವಿಶ್ವಸಂಸ್ಥೆ ಇದ್ದ ಮೇಲೆ ಖಂಡಕ್ಕೊಂದು ಆಯೋಗ, ಖಂಡಕ್ಕೊಂದು ಕೋರ್ಟು ಯಾಕೆ? ಅವುಗಳ ಹತ್ತಿರ ಪೊಲೀಸರೂ ಇಲ್ಲ, ಜೈಲೂ ಇಲ್ಲ, ಸುಮ್ನೆ ದುಡ್ಡು ದಂಡ ಅಲ್ವಾ? ಎರಡನೆಯದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ನಿಮ್ಮ ಸಿಟ್ಟು ಇರುವುದು ಅಲ್ಲೇ.

1981ರ ಸೆಪ್ಟೆಂಬರ್. ಹೊಂಡುರಾಸ್ ದೇಶದ ರಾಜಧಾನಿ ತೆಗುಸಿಗಲ್ಪದ ಒಂದು ಪಾರ್ಕಿಂಗ್ ಜಾಗ. ಮಫ್ತಿಯಲ್ಲಿದ್ದ ಬಂದೂಕುಧಾರಿಗಳು ನಂಬರ್ ಪ್ಲೇಟ್ ಇಲ್ಲದ ಬಿಳಿ ಫೋರ್ಡ್ ಕಾರಿನಲ್ಲಿ ಒಬ್ಬ ವಿದ್ಯಾರ್ಥಿಯನ್ನು ಎತ್ತಿಹಾಕಿಕೊಂಡು ಹೋದರು. ಪೊಲೀಸರನ್ನು ಕೇಳಿದರೆ ನಾವು ಹಿಡಿದೇ ಇಲ್ಲ ಅಂದರು. ದೇಶದೊಳಗಿನ ಕೋರ್ಟುಗಳಿಂದ ಏನೂ ಆಗಲಿಲ್ಲ. ಮುಂದಿನ ತಿಂಗಳೇ ದೂರು ವಾಷಿಂಗ್ಟನ್‌ನಲ್ಲಿರುವ ಅಮೆರಿಕ ಖಂಡಗಳ ಮಾನವ ಹಕ್ಕು ಆಯೋಗಕ್ಕೆ ಹೋಯಿತು. ಅಲ್ಲಿಂದ ಕೋಸ್ಟರಿಕಾದ ಸಾನ್ ಹೊಸೆಯಲ್ಲಿರುವ ಕೋರ್ಟಿಗೆ. ಕೇಸು ನಡೆಯುತ್ತಿರುವಾಗಲೇ, 1988ರ ಜನವರಿಯಲ್ಲಿ, ಸಾಕ್ಷಿ ಹೇಳಿದ್ದ ಒಬ್ಬರ ಕೊಲೆಯಾಯಿತು. ಸಾಕ್ಷಿಗೆ ಕರೆ ಬಂದಿದ್ದ ಇನ್ನೊಬ್ಬರದ್ದೂ ಆಯಿತು. ಆದರೂ ಆ ಜುಲೈಯಲ್ಲಿ ತೀರ್ಪು ಬಂತು. ಎತ್ತಿಕೊಂಡು ಹೋದವರ ಹೆಸರು ಗೊತ್ತಾಗದಿದ್ದರೂ ಹೊಣೆ ಸರ್ಕಾರದ್ದೇ ಎಂದಿತು ಕೋರ್ಟು. ತಡೆಯಬೇಕಿತ್ತು, ಸರಿಯಾಗಿ ತನಿಖೆ ಮಾಡಬೇಕಿತ್ತು, ತಪ್ಪಿತಸ್ಥರಿಗೆ ಶಿಕ್ಷೆ ಕೊಡಿಸಬೇಕಿತ್ತು. ಯಾವುದನ್ನೂ ಮಾಡಿಲ್ಲ, ಆದ್ದರಿಂದ ಕುಟುಂಬಕ್ಕೆ ಪರಿಹಾರ ಕೊಡಬೇಕು.

ಅವನು ವಾಪಸ್ ಬರಲಿಲ್ಲ, ನಿಜ. ಆದರೆ ‘ನಮಗೇನೂ ಗೊತ್ತಿಲ್ಲ’ ಅಂತ ಕೈತೊಳೆದುಕೊಳ್ಳುವುದು ಸರ್ಕಾರಗಳಿಗೆ ಮೊದಲಿನಷ್ಟು ಸುಲಭವಾಗಿ ಉಳಿಯಲಿಲ್ಲ. ಆ ವಿದ್ಯಾರ್ಥಿಯ ಹೆಸರಿನಿಂದ ವೆಲಾಸ್ಕೆಸ್ ರೊಡ್ರಿಗಸ್ ಪ್ರಕರಣ ಎಂದು ಹೆಸರಾದ ಆ ತೀರ್ಪನ್ನು ಯುರೋಪಿನ ನ್ಯಾಯಾಧೀಶರೂ ಉಲ್ಲೇಖಿಸಿದ್ದಾರೆ. ದುಡ್ಡು ದಂಡ ಅನ್ನೋ ಮಾತು ನಾನು ಒಪ್ಪದಿರುವುದು ಇದಕ್ಕೇ.

ಇನ್ನು ವಿಶ್ವಸಂಸ್ಥೆ. ಅಲ್ಲಿ ಮಾನವ ಹಕ್ಕುಗಳಿಗೇ ಮೀಸಲಾದ ಕೋರ್ಟು ಇಲ್ಲ. ಸಮಿತಿಗಳಿವೆ, ಅಭಿಪ್ರಾಯ ಹೇಳುತ್ತವೆ, ಬೇಡ ಅನ್ನಿಸಿದ ಸರ್ಕಾರ ಅದನ್ನು ಮೂಲೆಗೆ ಹಾಕುತ್ತದೆ. ಅಷ್ಟೊಂದು ದೇಶಗಳು ಸೇರಿ ಒಂದು ಕೋರ್ಟಿಗೆ ತಲೆಬಾಗಲು ಒಪ್ಪುವುದು ಕಷ್ಟ. ಅಕ್ಕಪಕ್ಕದ ದೇಶಗಳು ಒಪ್ಪುವುದು ಅಷ್ಟು ಕಷ್ಟವಲ್ಲ. ಯುದ್ಧದಿಂದ ಹಣ್ಣಾಗಿದ್ದ ಯುರೋಪು 1950ರಲ್ಲಿ ರೋಮ್‌ನಲ್ಲಿ ಮಾನವ ಹಕ್ಕು ಒಪ್ಪಂದಕ್ಕೆ ಸಹಿ ಹಾಕಿತು, 1959ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಕೋರ್ಟು ಶುರುವಾಯಿತು. ಈಗ 46 ದೇಶಗಳು ಅದರಡಿ ಇವೆ. ತೀರ್ಪು ಜಾರಿಯಾಗುವ ತನಕ ಬೇರೆ ಸರ್ಕಾರಗಳ ಪ್ರತಿನಿಧಿಗಳು ಕೂತು ‘ಏನಾಯ್ತು?’ ಅಂತ ಕೇಳುತ್ತಲೇ ಇರುತ್ತಾರೆ. ನೀವು ಹುಡುಕುತ್ತಿರುವ ಪೊಲೀಸರ ಕೆಲಸವನ್ನು ಸ್ವಲ್ಪ ಮಟ್ಟಿಗೆ ಈ ಕಾಟವೇ ಮಾಡುತ್ತದೆ. ಎಲ್ಲರೂ ಬಗ್ಗುವುದಿಲ್ಲ ಬಿಡಿ. 2022ರಲ್ಲಿ ಉಕ್ರೇನ್ ಮೇಲೆ ದಾಳಿ ಮಾಡಿದ ರಷ್ಯಾವನ್ನು ಆ ಕೂಟದಿಂದ ಹೊರಗೇ ಹಾಕಬೇಕಾಯಿತು.

ಆದರೆ ನನ್ನ ಮಟ್ಟಿಗೆ ಒಂದು ಸಂಸ್ಥೆಯ ಬೆಲೆ ಗೊತ್ತಾಗುವುದು ಒಂದೇ ಪ್ರಶ್ನೆಯಿಂದ. ಹಕ್ಕು ಕಳೆದುಕೊಂಡ ಮನುಷ್ಯ ತಾನೇ ಹೋಗಿ ದೂರು ಕೊಡಬಹುದಾ? ಯುರೋಪಿನಲ್ಲಿ 1998ರಿಂದ ಎಲ್ಲರೂ ನೇರವಾಗಿ ಕೋರ್ಟಿಗೇ ಹೋಗಬಹುದು. ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳು 2009ರಲ್ಲಿ ಆಯೋಗ ಮಾಡಿಕೊಂಡವು. ಅದರ ಸದಸ್ಯರನ್ನು ಸರ್ಕಾರಗಳೇ ಕಳಿಸುತ್ತವೆ, ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ, ದೂರು ವಿಚಾರಿಸಿ ತೀರ್ಪು ಕೊಡುವ ಅಧಿಕಾರವಂತೂ ಇಲ್ಲ. ದಕ್ಷಿಣ ಏಷ್ಯಾದಲ್ಲಿ ಅಷ್ಟೂ ಇಲ್ಲ. ವಿವಾದದ ವಿಷಯ ಚರ್ಚೆಗೇ ತರಬಾರದು ಅಂತ ಸಾರ್ಕ್‌ನ 1985ರ ಸನ್ನದೇ ಹೇಳುತ್ತದೆ!

ಆಫ್ರಿಕಾದ ಕಥೆ ಇನ್ನೂ ವಿಚಿತ್ರ. ತಾಂಜಾನಿಯಾದ ಅರುಷಾದಲ್ಲಿ ಕೋರ್ಟು ಇದೆ. ಆದರೆ ಜನ ನೇರವಾಗಿ ಅಲ್ಲಿಗೆ ಹೋಗಬೇಕಾದರೆ ಅವರ ಸರ್ಕಾರ ಮೊದಲು ಬೇರೆಯಾಗಿ ಒಪ್ಪಿಗೆ ಬರೆದುಕೊಟ್ಟಿರಬೇಕು. ಬರೆದುಕೊಟ್ಟ ದೇಶಗಳೇ ಕಡಿಮೆ. ಅವುಗಳಲ್ಲೂ ರುವಾಂಡ 2016ರಲ್ಲಿ ಒಪ್ಪಿಗೆ ವಾಪಸ್ ಪಡೆಯಿತು, ಬೆನಿನ್ ಮತ್ತು ಐವರಿ ಕೋಸ್ಟ್ 2020ರಲ್ಲಿ. ಕೋರ್ಟಿಗೆ ಜಾಗ ಕೊಟ್ಟ ತಾಂಜಾನಿಯಾವೇ 2019ರಲ್ಲಿ ಹಿಂದೆ ಸರಿಯಿತು. ಕೆನ್ಯಾ ಅಂಥ ಒಪ್ಪಿಗೆ ಕೊಟ್ಟೇ ಇರಲಿಲ್ಲ. ಹಾಗಾಗಿ ಅಲ್ಲಿನ ಮಾವು ಕಾಡಿನ ಒಗಿಯೆಕ್ ಬುಡಕಟ್ಟಿನ ಜನರನ್ನು ಸರ್ಕಾರ ಒಕ್ಕಲೆಬ್ಬಿಸಲು ಹೊರಟಾಗ ಅವರ ದೂರು ಆಫ್ರಿಕಾದ ಆಯೋಗದ ಮೂಲಕವೇ ಕೋರ್ಟು ಮುಟ್ಟಬೇಕಾಯಿತು. 2017ರಲ್ಲಿ ಗೆದ್ದರು. ಭೂಮಿಗೆ ಹಕ್ಕುಪತ್ರ ಮತ್ತು ಪರಿಹಾರ ಕೊಡಿ ಎಂಬ ಆದೇಶ 2022ರಲ್ಲಿ ಬಂತು. ಮರುವರ್ಷವೇ ಅದೇ ಕಾಡಿನಲ್ಲಿ ಮತ್ತೆ ಮನೆಗಳನ್ನು ಕೆಡವಿದರು.

ಹೊಸದಾಗಿ ಕಟ್ಟುವುದಾದರೆ ಏನು ಬರೆದಿಡಬೇಕು ಅಂತ ಪತ್ರದ ಕೊನೆಗೆ ಕೇಳಿದ್ದೀರಿ. ನೇರ ದೂರಿನ ಹಕ್ಕು ಒಪ್ಪಂದದ ಒಳಗೇ ಇರಬೇಕು, ಸರ್ಕಾರದ ಇಷ್ಟಕ್ಕೆ ಬಿಡಬಾರದು. ಹೊರಹೋಗುವ ನಿಯಮವೂ ಅಷ್ಟೇ ಮುಖ್ಯ. ಅಮೆರಿಕ ಖಂಡಗಳ ಮಾನವ ಹಕ್ಕು ಒಪ್ಪಂದದಿಂದ ಬಿಡುಗಡೆ ಬೇಕಾದರೆ ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕು, ಮತ್ತು ಅಲ್ಲಿಯವರೆಗೆ ಮಾಡಿದ ತಪ್ಪುಗಳಿಗೆ ಹೊಣೆ ತಪ್ಪುವುದಿಲ್ಲ. 1998ರಲ್ಲಿ ಟ್ರಿನಿಡಾಡ್, 2012ರಲ್ಲಿ ವೆನೆಜುವೆಲಾ ನೋಟಿಸ್ ಕೊಟ್ಟವು. ಎರಡರ ಹಳೇ ಕೇಸುಗಳೂ ಆಮೇಲೆ ನಡೆದವು.

– ಸಂಪಾದಕ