ತಾಯಿ ತೀರಿಕೊಂಡ ಮೇಲೆ ಮಂಕಾಗಿರುವ ವಯಸ್ಸಾದ ತಂದೆಗೆ ಮಾನಸಿಕ ನೆರವು ಎಲ್ಲಿ ಸಿಗುತ್ತದೆ?

ಸಂಗಾತಿಯನ್ನು ಕಳೆದುಕೊಂಡ ಹಿರಿಯರು ದುಃಖಿಸುವುದು ಸಹಜವೇ ಆದರೂ, ಊಟ, ನಿದ್ದೆ, ಮಾತು ವಾರಗಟ್ಟಲೆ ಕುಗ್ಗಿದ್ದರೆ ಅದನ್ನು ವಯಸ್ಸಿನ ಲಕ್ಷಣವೆಂದು ಬಿಟ್ಟುಬಿಡಬಾರದು. ಇಳಿವಯಸ್ಸಿನ ಖಿನ್ನತೆ ಎಷ್ಟೋ ಸಲ ಅಳುವಿನ ರೂಪದಲ್ಲಲ್ಲ, ಮೈಕೈ ನೋವು, ಸುಸ್ತು, ಮರೆವು ಎಂಬ ದೂರುಗಳಾಗಿ ಕಾಣಿಸಿಕೊಳ್ಳುತ್ತದೆ. ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆ ಮತ್ತು ಕೆಲವು ಔಷಧಿಗಳೂ ಇಂಥದೇ ಚಿಹ್ನೆಗಳನ್ನು ತರಬಲ್ಲವಾದ್ದರಿಂದ, ನಿಮ್ಮ ತಂದೆಯವರನ್ನು ಮೊದಲು ಅವರು ನಂಬುವ ವೈದ್ಯರ ಬಳಿಗೇ, ಈಗ ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಸಮೇತ ಕರೆದೊಯ್ಯುವುದು ಒಳ್ಳೆಯದು. ಮನೋವೈದ್ಯರೆಂದರೆ ಹಿಂಜರಿಯುವ ಹಿರಿಯರೂ ಸಾಮಾನ್ಯವಾಗಿ ಈ ಭೇಟಿಗೆ ಒಪ್ಪುತ್ತಾರೆ.

2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ (14416) ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ತಂದೆಯವರು ಫೋನ್ ಹಿಡಿಯಲು ಒಪ್ಪದಿದ್ದರೆ ಅವರ ಪರವಾಗಿ ನೀವೇ ಸಲಹೆ ಕೇಳಿ, ಅದರಲ್ಲಿ ಸಂಕೋಚ ಬೇಡ. ಹಿರಿಯ ನಾಗರಿಕರಿಗೆಂದೇ ಇರುವ ಎಲ್ಡರ್‌ಲೈನ್ (14567) ಒಂಟಿತನದ ಜೊತೆಗೆ ಪಿಂಚಣಿ, ಕಾನೂನಿನ ತೊಡಕುಗಳಿಗೂ ದಾರಿ ತೋರಿಸುತ್ತದೆ, ಏಕೆಂದರೆ ಮನಸ್ಸಿನ ಭಾರಕ್ಕೆ ಇವೂ ಕಾರಣವಾಗಿರುತ್ತವೆ. ನೇರ ಚಿಕಿತ್ಸೆಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಿರಿಯರಿಗಾಗಿಯೇ ಪ್ರತ್ಯೇಕ ಸೇವೆಯಿದೆ.

"ಇನ್ನು ಬದುಕಿ ಏನು ಪ್ರಯೋಜನ" ಎಂಬಂಥ ಮಾತು ಅವರ ಬಾಯಿಂದ ಬಂದರೆ ಮಾತ್ರ ದಯವಿಟ್ಟು ಕಾಯಬೇಡಿ. ಅವರನ್ನು ಒಂಟಿಯಾಗಿ ಬಿಡದೆ, ಅದೇ ದಿನ ವೈದ್ಯರಿಗೆ ತೋರಿಸಿ.