ಅಳುವೂ ಇಲ್ಲ, ನಗುವೂ ಇಲ್ಲ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮ ಯಜಮಾನರಿಗೆ 52 ವರ್ಷ. ಅಡಿಕೆ ತೋಟ ಇದೆ. ಎಲೆಚುಕ್ಕಿ ರೋಗ ಬಂದು ಅರ್ಧ ಫಸಲು ಹೋದಾಗಲೂ ಏನೂ ಮಾತಾಡಲಿಲ್ಲ. ಮೊನ್ನೆ ಮಗಳಿಗೆ ಕೆಲಸ ಸಿಕ್ಕಿತು, ಅದಕ್ಕೂ ‘ಹೂಂ’ ಅಂದರು ಅಷ್ಟೆ. ಎಲ್ಲಿ ಯಕ್ಷಗಾನದ ಆಟ ಇದ್ದರೂ ಬೈಕ್ ಹತ್ತಿ ಹೋಗಿ ಬೆಳಗಿನ ತನಕ ನೋಡಿ ಬರುತ್ತಿದ್ದವರು, ಈಗ ಪಕ್ಕದ ಊರಿಗೆ ಮೇಳ ಬಂದರೂ ಜಗಲಿ ಬಿಟ್ಟು ಏಳುವುದಿಲ್ಲ. ಸ್ವಂತ ಅಕ್ಕ ತೀರಿಕೊಂಡಾಗಲೂ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಡಿಪ್ರೆಶನ್ ಇರಬಹುದಾ ಅಂತ ಮೈದುನನ ಹತ್ತಿರ ಕೇಳಿದೆ. ‘ಬೇಜಾರು ಮಾಡ್ಕೊಂಡವರ ಹಾಗೆ ಎಲ್ಲಿದ್ದಾನೆ ಅತ್ತಿಗೆ, ಅಣ್ಣ ಗಟ್ಟಿ ಆಳು’ ಅಂದ.
– ಹೆಸರು ಬೇಡ, ಹೊಸನಗರ ತಾಲ್ಲೂಕು

ಉತ್ತರ: ಅಕ್ಕ ಸತ್ತಾಗ ಅಳು ಬರಲಿಲ್ಲ, ಮಗಳಿಗೆ ಕೆಲಸ ಸಿಕ್ಕಾಗ ನಗು ಬರಲಿಲ್ಲ. ಈ ಎರಡೂ ಒಟ್ಟಿಗೆ ಇರುವುದೇ ನನಗೆ ಸರಿ ಕಾಣಲಿಲ್ಲ. ಗಟ್ಟಿ ಆಳು ಅಳದೇ ಇರಬಹುದು, ಆದರೆ ಮಗಳ ಖುಷಿಗೆ ನಗುತ್ತಾನೆ ಅಲ್ವಾ?

ಅಮೆರಿಕದಲ್ಲಿ ಜೊನಾಥನ್ ರಾಟನ್‌ಬರ್ಗ್ ಅಂತ ಒಬ್ಬ ಮನಶ್ಶಾಸ್ತ್ರಜ್ಞರಿದ್ದಾರೆ. ಇತಿಹಾಸದಲ್ಲಿ ಪಿಎಚ್‌ಡಿ ಮಾಡಲು ಹೊರಟು, ನಡುವೆ ತಾವೇ ಖಿನ್ನತೆಗೆ ಸಿಕ್ಕಿ ವರ್ಷಗಟ್ಟಲೆ ಒದ್ದಾಡಿ, ಹೊರಗೆ ಬಂದ ಮೇಲೆ ಅದನ್ನೇ ಓದಲು ಕೂತವರು. ಖಿನ್ನತೆ ಇರುವವರಿಗೆ ದುಃಖದ ಸಿನಿಮಾ ತುಣುಕು ತೋರಿಸಿದರೆ ಬೇರೆಯವರಿಗಿಂತ ಜಾಸ್ತಿ ಅಳಬೇಕು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಅವರೂ ಅವರ ಜೊತೆಯವರೂ ನೋಡಿದ್ದು ಬೇರೆಯೇ. ದುಃಖದ್ದಕ್ಕೂ ಕಡಿಮೆ, ನಗುವಿನದ್ದಕ್ಕೂ ಕಡಿಮೆ. 2008ರಲ್ಲಿ ಲಾರೆನ್ ಬಿಲ್ಸ್ಮಾ ಅವರ ಜೊತೆ ಸೇರಿ ಇಂಥ 19 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಒಟ್ಟಾರೆ ಅದೇ ಬಂತು. ಮಳೆಗಾಲದಲ್ಲಿ ನಮ್ಮ ಕಡೆ ವೋಲ್ಟೇಜ್ ಬಿದ್ದರೆ ಬಲ್ಬೂ ಮಂಕು, ಫ್ಯಾನೂ ಮಂಕು. ಹಾಗೆ ಅನ್ನಿ.

ಆಮೇಲಿನದ್ದು ಇನ್ನೂ ಮುಖ್ಯ. ಇದೆಲ್ಲ ಪ್ರಯೋಗಾಲಯದ ಮಾತಾಯಿತು, ದಿನನಿತ್ಯ ಏನಾಗುತ್ತದೆ ಅಂತ 2011ರಲ್ಲಿ ಅವರೇ ನೋಡಿದರು. ದಿನದಲ್ಲಿ ಹಲವು ಸಲ ಒಂದು ಸಣ್ಣ ಯಂತ್ರ ಸದ್ದು ಮಾಡುವುದು, ಆಗ ಮನಸ್ಸು ಹೇಗಿದೆ, ಏನಾಯಿತು ಅಂತ ಗುರುತು ಮಾಡುವುದು. ಖಿನ್ನತೆ ಇದ್ದವರಿಗೆ ದಿನವಿಡೀ ಬೇಸರ ಜಾಸ್ತಿಯೇ ಇತ್ತು. ಆದರೆ ಏನಾದರೂ ಸಣ್ಣ ಒಳ್ಳೆಯದು ನಡೆದಾಗ ಅವರ ಬೇಸರ ಇಳಿಯುವುದು ಬೇರೆಯವರಿಗಿಂತ ಜಾಸ್ತಿಯೇ ಇತ್ತು. ಯಾರೋ ಬಂದು ಮಾತಾಡಿಸಿದ್ದು, ಒಂದು ಕೆಲಸ ಮುಗಿದದ್ದು, ಇಂಥವೇ. ಪ್ರಯೋಗಾಲಯದ ಸಿನಿಮಾಕ್ಕೆ ಅಲ್ಲಾಡದ ಮನಸ್ಸು ಜೊತೆಯಲ್ಲಿ ಕೂತು ಕುಡಿದ ಕಾಫಿಗೆ ಅಲ್ಲಾಡಬಹುದು. ನನ್ನನ್ನು ಕೇಳಿದರೆ ಇಷ್ಟು ವರ್ಷದ ಖಿನ್ನತೆಯ ಸಂಶೋಧನೆಯಲ್ಲಿ ಮನೆಯವರಿಗೆ ಇದಕ್ಕಿಂತ ಉಪಯೋಗದ ಸುದ್ದಿ ಕಡಿಮೆ.

ಹಾಗಾಗಿ ‘ಆಟಕ್ಕೆ ಹೋಗಿ ಬನ್ನಿ, ಖುಷಿಯಾಗುತ್ತೆ’ ಅನ್ನಬೇಡಿ. ಇಡೀ ರಾತ್ರಿಯ ಆಟ ಈಗ ಅವರಿಗೆ ಬೆಟ್ಟ ಹತ್ತಿದ ಹಾಗೆ. ‘ಅಡಿಕೆ ಹಾಳೆ ಹೆಕ್ಕೋಕೆ ಬರ್ತೀರಾ, ಒಬ್ಬಳಿಗೇ ಆಗಲ್ಲ’ ಅನ್ನಿ. ಹತ್ತು ನಿಮಿಷ ಬಂದರೂ ಸಾಕು. ಮನಸ್ಸು ಬಂದ ಮೇಲೆ ಕೆಲಸ ಅಂತ ಕಾದರೆ ಆಗುವುದಿಲ್ಲ, ಕೆಲಸ ಮೊದಲು, ಮನಸ್ಸು ನಿಧಾನಕ್ಕೆ ಹಿಂದೆ ಬರುತ್ತದೆ. ಇದು ನನ್ನ ಉಪದೇಶ ಅಲ್ಲ, ಚಿಕಿತ್ಸೆಯ ಒಂದು ವಿಧಾನ. ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಅವರ ತಂಡ ಇದನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಾಡಿ ನೋಡಿತು. ಡಾಕ್ಟರ್ ಅಲ್ಲದ, ತರಬೇತಿ ಪಡೆದ ಸ್ಥಳೀಯರೇ ಆರೆಂಟು ಸಲ ಕೂತು ಮಾತಾಡಿದರು. ಗುಣ ಕಂಡಿತು.

ಆದರೆ ಡಾಕ್ಟರಿಗೆ ತೋರಿಸಲೇಬೇಕು. ಖಿನ್ನತೆ ಅನ್ನಲು ಬೇಜಾರು ಇರಲೇಬೇಕು ಅಂತಿಲ್ಲ. ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ದಾಟಿ, ಜೊತೆಗೆ ನಿದ್ದೆ, ಊಟ, ಶಕ್ತಿ, ಗಮನ ಕೆಟ್ಟರೂ ಅದೇ. ಥೈರಾಯ್ಡ್, ಶುಗರ್ ಪರೀಕ್ಷೆಯೂ ಮಾಡಿಸಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ವಿಚಾರಿಸಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇದೆ. ಅವರು ಬರಲ್ಲ ಅಂದರೆ ನೀವೇ ಮೊದಲು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಮಾತು, ಗಾಬರಿ ಬೇಡ. ‘ಬದುಕು ಸಾಕು ಅನಿಸುತ್ತಾ?’ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹಾಕಿದ ಹಾಗಾಗುವುದಿಲ್ಲ. ತೋಟದ ಔಷಧಿ, ಮೈಲುತುತ್ತ ಎಲ್ಲ ಸದ್ಯಕ್ಕೆ ಬೀಗ ಹಾಕಿದ ಕೋಣೆಯಲ್ಲಿರಲಿ, ಬೀಗದ ಕೈ ನಿಮ್ಮ ಹತ್ತಿರ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಫೋನಲ್ಲಿ ಮೂಡ್ ಆ್ಯಪ್ ಹಾಕಿಕೊಂಡಿದ್ದೇನೆ ಸರ್. ದಿನಾ ರಾತ್ರಿ ಅಂಕ ಕೊಡುತ್ತೇನೆ. ಯಾವಾಗಲೂ ಹತ್ತಕ್ಕೆ ನಾಲ್ಕೇ! ಇದರಿಂದ ಏನಾದರೂ ಉಪಯೋಗ ಇದೆಯಾ?
– ಬಿ.ಎಸ್ಸಿ. ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡು ಕೊಟ್ಟ ಅಂಕ ಆ ರಾತ್ರಿಯ ಸುಸ್ತಿನ ಅಂಕ ಮಾರಾಯ, ದಿನದ್ದಲ್ಲ. 1970ರ ದಶಕದಲ್ಲಿ ಷಿಕಾಗೊದಲ್ಲಿ ಮನಶ್ಶಾಸ್ತ್ರಜ್ಞರಾದ ಮಿಹಾಯ್ ಚಿಕ್ಸೆಂಟ್‌ಮಿಹಾಯ್ ಮತ್ತು ರೀಡ್ ಲಾರ್ಸನ್ ಜನರ ಕೈಗೆ ಪೇಜರ್ ಕೊಟ್ಟದ್ದು ಇದಕ್ಕೇ. ಯಾವಾಗ ಸದ್ದಾಗುತ್ತದೋ ಆಗ ಏನು ಮಾಡುತ್ತಿದ್ದೀರಿ, ಯಾರ ಜೊತೆ, ಹೇಗನಿಸುತ್ತಿದೆ ಅಂತ ಬರೆಯಬೇಕು. ನೀನೂ ಹಾಗೇ ಮಾಡು. ಗೊತ್ತು ಗುರಿಯಿಲ್ಲದ ಹೊತ್ತಿಗೆ ನಾಲ್ಕೈದು ಅಲಾರಂ ಇಡು. ಅಂಕದ ಪಕ್ಕದಲ್ಲಿ ‘ಬಸ್‌ಸ್ಟ್ಯಾಂಡ್, ಒಬ್ಬನೇ’ ಅಂತಲೋ ‘ಕ್ಯಾಂಟೀನ್, ಗೆಳೆಯರು’ ಅಂತಲೋ ಬರಿ. ವಾರ ಕಳೆದು ನೋಡಿದರೆ ಎಲ್ಲಿ ಏಳುತ್ತೆ, ಎಲ್ಲಿ ಬೀಳುತ್ತೆ ಅಂತ ಕಾಣಬೇಕು. ಬೆಲ್ಜಿಯಂನ ಪೀಟರ್ ಕುಪ್ಪೆನ್ಸ್ ಅವರ ತಂಡ 2010ರಲ್ಲಿ ತೋರಿಸಿದ್ದು ಇದಕ್ಕೆ ತಿರುಗಾಮುರುಗಾ ಇರುವುದನ್ನು: ಖಿನ್ನತೆ ಇರುವವರ ಭಾವನೆ ಒಂದು ಗಳಿಗೆಯಿಂದ ಮುಂದಿನದಕ್ಕೆ ಹಾಗೇ ಅಂಟಿಕೊಂಡು ಬರುತ್ತದೆ, ಬೇಗ ಸರಿಯುವುದಿಲ್ಲ. ಹೀಗೆ ಬರೆದ ಮೇಲೂ ಎಲ್ಲಾ ಹೊತ್ತಲ್ಲೂ ನಾಲ್ಕೇ ಬಂದರೆ ಆ್ಯಪ್ ಬಿಟ್ಟು ಕಾಲೇಜಿನ ಆಪ್ತಸಮಾಲೋಚಕರ ಹತ್ತಿರ ಹೋಗು.

ಪ್ರಶ್ನೆ: ಓರಗಿತ್ತಿ ಅಂದ ಒಂದು ಮಾತು ರಾತ್ರಿಯೆಲ್ಲ ತಲೆಯಲ್ಲಿ ತಿರುಗುತ್ತದೆ. ಯೋಚಿಸಿ ಯೋಚಿಸಿ ಕಾರಣ ಕಂಡುಹಿಡಿದರೆ ನೆಮ್ಮದಿ ಸಿಗುತ್ತದಾ?
– ತೀರ್ಥಹಳ್ಳಿ

ಉತ್ತರ: ಇಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್-ಹೊಯೆಕ್ಸಿಮಾ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳಿಗೆ ಬೇಜಾರಾದಾಗ ಏನು ಮಾಡುತ್ತೀರಿ ಅಂತ ಕೇಳಿ ಬರೆಸಿಕೊಂಡಿದ್ದರು. ಎರಡು ವಾರಕ್ಕೆ, 1989ರ ಅಕ್ಟೋಬರಿನಲ್ಲಿ, ಅಲ್ಲಿ ಭೂಕಂಪ ಆಯಿತು. ಆಮೇಲೆ ಮತ್ತೆ ಕೇಳಿದರು. ಬೇಜಾರನ್ನೇ ಮೆಲುಕು ಹಾಕುವ ಅಭ್ಯಾಸ ಮೊದಲಿಂದ ಇದ್ದವರಲ್ಲೇ ಖಿನ್ನತೆಯ ಲಕ್ಷಣ ಜಾಸ್ತಿ ಇತ್ತು. ಎದ್ದು ಲೈಟ್ ಹಾಕಿ, ಕೈಗೊಂದು ಕೆಲಸ ಕೊಡಿ, ನಾಳೆಗೆ ಹುರುಳಿಕಾಳು ಆರಿಸಿ ಬೇಕಾದರೆ. ಓರಗಿತ್ತಿಯ ಹತ್ತಿರ ಮಾತಾಡುವುದಿದ್ದರೆ ಹಗಲಲ್ಲಿ ಮಾತಾಡಿ.

ಪ್ರಶ್ನೆ: ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಬಿಸಿಲೇ ಇಲ್ಲ. ಊರಿಗೆ ಊರೇ ಮಂಕು. ಎಲ್ಲರಿಗೂ ಖಿನ್ನತೆಯಾ?
– ಆಗುಂಬೆ ಹತ್ತಿರದ ಓದುಗರು

ಉತ್ತರ: ಛೇ, ಎಲ್ಲರಿಗೂ ಅಲ್ಲ. 1984ರಲ್ಲಿ ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಅವರ ತಂಡ ವಿವರಿಸಿದ್ದು ಹಗಲು ಕಿರಿದಾಗುವ ಚಳಿಗಾಲದ ಖಿನ್ನತೆಯನ್ನು. ಅದನ್ನು ತಂದು ನಮ್ಮ ಮಳೆಗೆ ಸುಮ್ನೆ ಅಂಟಿಸುವುದು ಬೇಡ. ಪತ್ರೊಡೆ ಮಾಡಿದ ದಿನ ಮನೆಯಲ್ಲಿ ‘ನಂಗೆ ಇನ್ನೊಂದು’ ಅಂತ ಗಲಾಟೆ ನಡೆದರೆ ಅದು ಮಳೆಯ ಮಂಕು ಅಷ್ಟೆ. ಒಬ್ಬರು ಮಾತ್ರ ಎರಡು ವಾರದಿಂದ ಅದಕ್ಕೂ ಏಳುತ್ತಿಲ್ಲ ಅಂದರೆ, ಮಳೆ ಬಿಟ್ಟ ಮೇಲೆ ತೋರಿಸೋಣ ಅಂತ ಮುಂದೆ ಹಾಕಬೇಡಿ.