‘ನೋವಾಗಲಿಲ್ಲ ಅಂದ್ರ ಒಳ್ಳೇದೇನ್ರೀ?’

ಒಂದೇ ದೂರು ಬೇರೆ ಬೇರೆ ಊರುಗಳಿಂದ ನನ್ನ ಹತ್ತಿರ ಬರುತ್ತಿದೆ. ಮೈ ಬಗ್ಗೆ, ಮುಟ್ಟುವುದರ ಬಗ್ಗೆ ಪಾಠ ಮಾಡಿದ ಶಿಕ್ಷಕಿ. ಮರುದಿನ ಶಾಲೆಗೆ ಬಂದು ಕೂಗಾಡುವ ಪಾಲಕರು. ನಡುವೆ ಯಾರ ಪರ ನಿಲ್ಲಬೇಕೋ ತಿಳಿಯದ ಹೆಡ್‌ಮಾಸ್ತರು. ಅಂಥ ಒಂದು ಪ್ರಕರಣ ಇದು. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಇವರು ಗದಗ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಕ್ಕಳಿಗೆ ಅಕ್ಕೋರು, ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ನಾಲ್ಕನೇ ತರಗತಿಯಲ್ಲಿ ಚಾರ್ಟ್ ತೂಗುಹಾಕಿ ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ ಹೇಳಿಕೊಟ್ಟಿದ್ದರು. ಒಂದು ಕಡೆ ನಗುವ ಮುಖ, ಇನ್ನೊಂದು ಕಡೆ ಅಳುವ ಮುಖ. ಎರಡೇ ದಿನದಲ್ಲಿ ಒಬ್ಬ ತಂದೆ ಬಂದು ಗದ್ದಲ ಎಬ್ಬಿಸಿದರು. ‘ಸಾಲ್ಯಾಗ ಇಂಥಾದ್ದು ಕಲಸ್ತೀರೇನು?’ ಎಸ್‌ಡಿಎಂಸಿ, ಅಂದರೆ ಶಾಲೆಯ ಪಾಲಕರ ಸಮಿತಿಯ ಸಭೆಯಲ್ಲೂ ಅದೇ ಮಾತು. ಹೆಡ್‌ಮಾಸ್ತರು ಚಾರ್ಟ್ ಸುತ್ತಿ ಬೀರುವಿನಲ್ಲಿ ಇಟ್ಟರು.

ಅಕ್ಕೋರು ಸಲಹೆ ಕೇಳಲು ಹುಬ್ಬಳ್ಳಿಗೆ ನನ್ನ ಹತ್ತಿರ ಬಂದಾಗ ‘ನಿದ್ದಿ ಹತ್ತವಲ್ದ್ರೀ ಮೇಡಮ್ಮಾರ’ ಎಂದರು. ವರ್ಗಾವಣೆ ಕೇಳಲೇ ಎಂಬುದು ಅವರ ಪ್ರಶ್ನೆ. ಮೊದಲ ಭೇಟಿಯೆಲ್ಲ ಆ ತಂದೆಯ ಮಾತಿನಲ್ಲೇ ಮುಗಿಯಿತು. ನನಗೆ ಅದು ಹೊಂದಲಿಲ್ಲ. ಜಗಳಕ್ಕೆ ಬರುವ ಪಾಲಕರನ್ನು ಇವರು ಕಂಡಿಲ್ಲದೇ ಇಲ್ಲ. ಬಿಸಿಯೂಟದ ಸಾರು ನೀರಾದರೂ ಜನ ಬಂದು ಬೈಯುತ್ತಾರೆ. ಅದಕ್ಕೆಲ್ಲ ಯಾರೂ ನಿದ್ದೆ ಬಿಡುವುದಿಲ್ಲ.

ಮುಂದಿನ ಭೇಟಿಯಲ್ಲಿ ಹೇಳಿದೆ: ‘ಆ ತಂದೆಯನ್ನು ಸ್ವಲ್ಪ ಬಿಡ್ರಿ. ಅವತ್ತಿನ ಪಾಠ ನನಗೊಮ್ಮೆ ಮಾಡಿ ತೋರಿಸ್ರಿ.’

ಸಂಕೋಚದಿಂದಲೇ ಎದ್ದರು. ನಾಲ್ಕು ಮಾತಿಗೇ ಒಳ್ಳೆಯ ಶಿಕ್ಷಕಿ ಹೊರಗೆ ಬಂದರು, ಧ್ವನಿಯೇ ಬೇರೆ ಆಯಿತು. ‘ನೋವಾದರೆ, ಅಂಜಿಕೆ ಬಂದರೆ, ಅದು ಕೆಟ್ಟ ಸ್ಪರ್ಶ’ ಎಂದವರು ಅಲ್ಲಿಗೇ ನಿಂತುಬಿಟ್ಟರು. ನಾನು ಸುಮ್ಮನಿದ್ದೆ.

‘ಇಲ್ಲೇ ಒಬ್ಬಾಕಿ ಹುಡುಗಿ ಎದ್ದು ನಿಂತಿದ್ಲ್ರೀ.’

‘ಏನಂದ್ಲು?’

‘ಅಕ್ಕೋರ, ನೋವಾಗಲಿಲ್ಲ ಅಂದ್ರ ಒಳ್ಳೇದೇನ್ರೀ ಅಂದ್ಲು. ಹುಡುಗೂರೆಲ್ಲ ನಕ್ಕರು. ಕುಂಡ್ರವಾ, ಆಮ್ಯಾಲೆ ಹೇಳ್ತೀನಿ ಅಂದೆ. ಅಷ್ಟರಾಗ ಗಂಟಿ ಹೊಡೀತು. ಆಮ್ಯಾಲೆ ಈ ಗದ್ದಲ ಆತು. ಹೇಳಲೇ ಇಲ್ಲ.’

ಕುಳಿತುಕೊಂಡರು. ಬಾಟಲಿ ಮುಚ್ಚಳ ತೆಗೆದು, ನೀರು ಕುಡಿಯದೇ ಮತ್ತೆ ಮುಚ್ಚಿದರು. ‘ಆಕಿ ಈಗ್ಲೂ ನನ್ನ ಮಾರಿ ನೋಡ್ತಾಳ್ರೀ’ ಎಂದರು. ಅಳು ಬಂದಿದ್ದು ಆಗ. ತಂದೆಯ ಬೈಗುಳ ಹೇಳುವಾಗ ಒಂದು ಹನಿಯೂ ಬಂದಿರಲಿಲ್ಲ.

ಆ ಹುಡುಗಿಯ ಪ್ರಶ್ನೆ ಆ ಚಾರ್ಟಿಗಿಂತ ದೊಡ್ಡದು. ನಗುವ ಮುಖ, ಅಳುವ ಮುಖ ಮಕ್ಕಳಿಗೆ ಹೇಳುವುದು ಒಂದೇ: ನಿನಗೆ ಹೇಗನಿಸುತ್ತದೋ ಅದರಿಂದ ಗೊತ್ತಾಗುತ್ತದೆ. ಗೊತ್ತಾಗುವುದಿಲ್ಲ. ಮಕ್ಕಳಿಗೆ ಇಂಥ ಕಿರುಕುಳ ಕೊಡುವವರು ಹೆಚ್ಚಾಗಿ ಪರಿಚಯದವರು. ಮೊದಲು ಚಾಕೊಲೇಟು, ಮೊಬೈಲು, ತಮಾಷೆ, ಕಚಗುಳಿ. ಮಗುವಿಗೆ ನೋವೂ ಇಲ್ಲ, ಅಂಜಿಕೆಯೂ ಇಲ್ಲ. ಇನ್ನೊಂದು ಕಡೆ, ದವಾಖಾನೆಯಲ್ಲಿ ಸೂಜಿ ಚುಚ್ಚಿದರೆ ನೋವೂ ಆಗುತ್ತದೆ, ಅಂಜಿಕೆಯೂ ಬರುತ್ತದೆ.

ಅಕ್ಕೋರಿಗೆ ಕೊಟ್ಟ ಸಲಹೆ ಇದು. ವರ್ಗಾವಣೆ ಮಾತು ಸದ್ಯ ಬೇಡ. ಸೋಮವಾರವೇ ಆ ಪ್ರಶ್ನೆಗೆ ಇಡೀ ತರಗತಿಯ ಎದುರು ಉತ್ತರ ಕೊಡಿ. ‘ಅವತ್ತು ಒಂದು ಒಳ್ಳೇ ಪ್ರಶ್ನೆ ಬಂದಿತ್ತು’ ಎಂದು ಶುರು ಮಾಡಿ, ಹೆಸರು ಬೇಡ. ನೋವಿನ ಲೆಕ್ಕ ಬಿಟ್ಟು ನಿಯಮ ಹೇಳಿ. ಚಡ್ಡಿ, ಲಂಗದ ಒಳಗಿನ ಜಾಗ ನಿಮ್ಮದು. ತೊಳೆಯುವುದಕ್ಕೋ, ಜಡ್ಡಾದಾಗ ನೋಡುವುದಕ್ಕೋ ಬಿಟ್ಟು ಯಾರೂ ಮುಟ್ಟಬಾರದು, ತಮ್ಮದನ್ನು ಮುಟ್ಟಲು ಹೇಳಲೂಬಾರದು. ಡಾಕ್ಟರ್ ನೋಡುವಾಗಲೂ ಅವ್ವನೋ ಮನೆಯವರೋ ಜೊತೆಗಿರಬೇಕು. ಗುಟ್ಟಿನ ವಿಷಯವನ್ನೂ ಹೇಳಿ. ಪಂಚಮಿಗೆ ಅವ್ವಗೆ ಸೀರೆ ತರುವ ಗುಟ್ಟು ಹಬ್ಬದ ದಿನ ಬಯಲಾಗುತ್ತದೆ. ‘ಯಾರಿಗೂ ಎಂದೂ ಹೇಳಬೇಡ’ ಎನ್ನುವ ಗುಟ್ಟನ್ನು ಅವತ್ತೇ ಹೇಳಬೇಕು. ಮೊದಲನೆಯವರು ಕೇಳದಿದ್ದರೆ ಎರಡನೆಯವರಿಗೆ ಹೇಳಬೇಕು.

ಆ ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆದು ವಿಚಾರಣೆ ಮಾಡಬೇಡಿ ಎಂದೂ ಹೇಳಿದೆ. ಪಾಠ ಮುಗಿದ ಮೇಲೆ ಆಕೆಗೆ ಮಾತಾಡಲು ಪುರಸೊತ್ತು ಸಿಗುವ ಹಾಗೆ ಹತ್ತಿರದಲ್ಲಿರಿ, ಸಾಕು. ಹೇಳಿದರೆ ಕೇಳಿಸಿಕೊಳ್ಳಿ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. ಆಕೆಯ ಮಾತನ್ನು ಆಕೆಯ ಶಬ್ದದಲ್ಲೇ ಬರೆದಿಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಪೊಲೀಸರಿಗೂ ತಿಳಿಸಿ.

ಒಂದು ಪ್ರಶ್ನೆ ಬಂದ ಕೂಡಲೇ ದೂರು ಕೊಡಬೇಕಿತ್ತು ಎಂದು ನನ್ನ ಕೆಲವು ಸಹೋದ್ಯೋಗಿಗಳ ವಾದ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ನನಗೂ ಗೊತ್ತು. ಅಪರಾಧ ನಡೆದಿದೆ ಎಂದು ಗೊತ್ತಿದ್ದರೂ, ನಡೆಯಬಹುದು ಎಂಬ ಆತಂಕ ಇದ್ದರೂ ತಿಳಿಸಲೇಬೇಕು, ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಆದರೆ ತರಗತಿಯಲ್ಲಿ ಎದ್ದು ನಿಂತ ಚುರುಕು ಹುಡುಗಿ ಪಾಠದ ತಪ್ಪನ್ನು ಹಿಡಿದಿದ್ದೂ ಇರಬಹುದು, ಅಲ್ವಾ? ಪ್ರಶ್ನೆ ಕೇಳಿದ್ದಕ್ಕೇ ಮನೆಗೆ ಪೊಲೀಸರು ಬಂದರೆ ಆ ಶಾಲೆಯಲ್ಲಿ ಇನ್ನೊಂದು ಮಗು ಬಾಯಿ ಬಿಡುವುದಿಲ್ಲ. ಹಾಗೆಂದು ವಾರಗಟ್ಟಲೆ ಕಾಯಿರಿ ಅನ್ನಲಿಲ್ಲ, ಸೋಮವಾರ ಅಂದೆ. ಈ ಮಾತಿಗೆ ಈಗಲೂ ಬದ್ಧಳಾಗಿದ್ದೇನೆ. ಆ ಹುಡುಗಿ ಮುಂದೆ ಏನು ಹೇಳಿದಳು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

‘ಇಷ್ಟು ಸಣ್ಣವರಿಗೆ ಇದೆಲ್ಲ ಯಾಕೆ’ ಎನ್ನುವವರಿಗೂ ಒಂದು ಮಾತು. 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಲೈಂಗಿಕ ತಿಳಿವಳಿಕೆಯೂ ಇದ್ದ ಶಾಲೆಯ ಹದಿಹರೆಯದ ಶಿಕ್ಷಣಕ್ಕೆ ಬೇಡ ಎಂದವು. ಅದೇ ವರ್ಷ ಕೇಂದ್ರದ ಮಹಿಳಾ ಮತ್ತು ಮಕ್ಕಳ ಸಚಿವಾಲಯದ ಅಧ್ಯಯನ ಬಂತು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಅರ್ಧಕ್ಕಿಂತ ಜಾಸ್ತಿ, 53 ಶೇಕಡಾ ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ಕಿರುಕುಳ ಆಗಿದೆ ಎಂದಿದ್ದರು. 2020ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಗೆ ಇಬ್ಬರು ಶಿಕ್ಷಕರಿಗೆ ತರಬೇತಿ ಇದೆ. ಒಳ್ಳೆಯದೇ. ಆದರೆ ಅದು ಆರನೇ ತರಗತಿಯಿಂದ. ಈ ಪ್ರಶ್ನೆ ಬಂದದ್ದು ನಾಲ್ಕನೆಯದರಲ್ಲಿ. ಉಳ್ಳಾಗಡ್ಡಿ ಕೀಳುವ ಸುಗ್ಗಿಯಲ್ಲಿ ಗಂಡಹೆಂಡತಿ ಇಬ್ಬರೂ ಹೊಲಕ್ಕೆ ಹೋಗುತ್ತಾರೆ. ಮಕ್ಕಳು ಯಾರದೋ ಮನೆಯ ಪಡಸಾಲೆಯಲ್ಲಿ ಇರುತ್ತವೆ. ಆಗ ಆರನೇ ತರಗತಿ ಆಗುವವರೆಗೆ ಕಾಯುವವರು ಯಾರು?

ಇನ್ನು ಆ ತಂದೆ. ಅಕ್ಕೋರು ಧೈರ್ಯ ಮಾಡಿ ಪಾಲಕರ ಸಭೆ ಕರೆದಾಗ ಅವರೂ ಬಂದಿದ್ದರಂತೆ. ಪಾಠದ ನಂತರ ಅವರ ಮಗ ಮನೆಯಲ್ಲಿ ಆಡಿದ ಮಾತು ಏನೆಂದು ಆಗ ಗೊತ್ತಾಯಿತು. ಬೀಗರ ಎದುರು ಕಾಕಾ ತಮಾಷೆಗೆ ಚಡ್ಡಿ ಎಳೆದಿದ್ದಾನೆ. ಹುಡುಗ ‘ಎಳೀಬ್ಯಾಡ, ಹಂಗ ಮಾಡಬಾರದಂತ ಅಕ್ಕೋರು ಹೇಳ್ಯಾರ’ ಎಂದಿದ್ದಾನೆ. ಮನೆಯ ಮರ್ಯಾದೆ ಹೋಯಿತು ಎಂಬುದು ಸಿಟ್ಟು.

‘ಹೇಳೂದಿದ್ರ ನನಗ ಹೇಳಬೇಕಿತ್ತು’ ಎಂದರು ತಂದೆ.

‘ಹೇಳಿದ್ರ ಏನ್ ಮಾಡ್ತಿದ್ರೀ ಅಣ್ಣಾರ?’ ಎಂದರು ಅಕ್ಕೋರು.

ಆ ಮನುಷ್ಯ ಸ್ವಲ್ಪ ಹೊತ್ತು ಯೋಚಿಸಿ, ‘ನಕ್ಕು ಬಿಡ್ತಿದ್ದೆ ನೋಡ್ರಿ’ ಎಂದರಂತೆ.

ಮುಂದಿನ ಪಾಠದ ದಿನ ತಾಯಂದಿರನ್ನೂ ಕರೆಯಬೇಕು ಎಂದು ಆ ಸಭೆಯಲ್ಲಿ ಠರಾವಾಗಿದೆ. ಅದರಲ್ಲಿ ತಂದೆಯರನ್ನೂ ಸೇರಿಸಿ ಎಂದು ಅಕ್ಕೋರಿಗೆ ಹೇಳಿದ್ದೇನೆ.